ಕಾಟಾ ಕೋಣೆಯಲ್ಲಿ ತಿದ್ದಿದ ಕೈಪಿಡಿ

ಅಕ್ಕಿ ಗಿರಣಿಗಳಲ್ಲಿ ಗಾಡಿಗಳ ತೂಕ ಓದಿ ಚೀಟಿ ಮುದ್ರಿಸುವ ನಮ್ಮ ತಂತ್ರಾಂಶದ ಪ್ಲಗಿನ್ ಫೋಲ್ಡರಿನಲ್ಲಿ, ಅಂದರೆ ಅದಕ್ಕೆ ಹೊರಗಿನಿಂದ ಜೋಡಿಸುವ ಪುಟ್ಟ ಕೋಡ್ ತುಣುಕುಗಳ ಫೋಲ್ಡರಿನಲ್ಲಿ, ನಾಲ್ಕು ವರ್ಷಗಳ ಕಾಲ ಮೂರೇ ಪ್ಲಗಿನ್‌ಗಳಿದ್ದವು, ಮೂರನ್ನೂ ಬರೆದವನು ನಾನೇ. ಇದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಕೋಡ್ ನೋಡಬಹುದು, ತಿದ್ದಬಹುದು, ಹೊಸದನ್ನು ಸೇರಿಸಬಹುದು ಎಂದು ಮುಖಪುಟದಲ್ಲಿ ದೊಡ್ಡದಾಗಿಯೇ ಬರೆದುಕೊಂಡಿದ್ದೆ. ಆದರೂ ಯಾರೂ ಬರಲಿಲ್ಲ. ಬರದಿದ್ದುದಕ್ಕೆ ನನ್ನ ಬಳಿ ಕಾರಣಗಳು ಸಿದ್ಧವಾಗಿದ್ದವು. ನಮ್ಮ ಭಾಗದಲ್ಲಿ ಪ್ರೋಗ್ರಾಮಿಂಗ್ ಕಲಿತವರು ಬೆಂಗಳೂರಿಗೋ ಹೈದರಾಬಾದಿಗೋ ಹೊರಟುಬಿಡುತ್ತಾರೆ, ಉಳಿದವರಿಗೆ ಪುರುಸೊತ್ತಿರುವುದಿಲ್ಲ, ಪುರುಸೊತ್ತಿದ್ದವರಿಗೆ ಪುಕ್ಕಟೆ ಕೆಲಸದಲ್ಲಿ ಆಸಕ್ತಿ ಇರುವುದಿಲ್ಲ ಎಂದು ಗೆಳೆಯರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದೆ. ಈ ಕಾರಣಗಳು ಪೂರ್ತಿ ಸುಳ್ಳೇನಲ್ಲ. ಆದರೆ ಕಾರಟಗಿಯ ಒಂದು ಅಕ್ಕಿ ಗಿರಣಿಯ ಕಾಟಾ ಕೋಣೆಯಲ್ಲಿ, ಅಂದರೆ ಗಾಡಿ ತೂಗುವ ಕೋಣೆಯಲ್ಲಿ, ಎರಡೂವರೆ ಗಂಟೆ ಬಾಯಿ ಮುಚ್ಚಿಕೊಂಡು ಕೂತ ಮೇಲೆ, ಜನ ಬರದೇ ಇದ್ದುದಕ್ಕೆ ದೊಡ್ಡ ಕಾರಣ ನಾನು ಬರೆದಿಟ್ಟ ಕೈಪಿಡಿಯೇ ಎಂದು ಒಪ್ಪಿಕೊಳ್ಳಬೇಕಾಯಿತು.

ಸಿಂಧನೂರಿನಲ್ಲಿ ಕೂತು ನಾನೂ ನನ್ನ ಗೆಳೆಯನೂ ಬರೆದ ಈ ತಂತ್ರಾಂಶ ಮಾಡುವುದು ಭಾರಿ ಕೆಲಸವನ್ನೇನಲ್ಲ. ಲಾರಿಯೋ ಟ್ರ್ಯಾಕ್ಟರೋ ವೇಬ್ರಿಜ್ ಮೇಲೆ, ಅಂದರೆ ನಮ್ಮ ಕಡೆಯವರ ಬಾಯಲ್ಲಿ ಕಾಟಾದ ಮೇಲೆ, ಬಂದು ನಿಂತಾಗ ಅದರ ತೂಕವನ್ನು ಯಂತ್ರದಿಂದ ನೇರವಾಗಿ ಓದಿ, ಗಾಡಿ ನಂಬರು, ರೈತರ ಹೆಸರು, ತುಂಬಿದ ತೂಕ, ಖಾಲಿ ತೂಕ, 75 ಕೆ.ಜಿ. ಚೀಲದ ಲೆಕ್ಕ ಎಲ್ಲವನ್ನೂ ಸೇರಿಸಿ ಒಂದು ಚೀಟಿ ಮುದ್ರಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯ ಪಟ್ಟಿಯಲ್ಲಿ ಭತ್ತದ ಸುಗ್ಗಿ ಬಂತೆಂದರೆ ಕಾಟಾಗಳ ಮುಂದೆ ರಾತ್ರಿಯಿಡೀ ಗಾಡಿಗಳ ಸಾಲು ನಿಂತಿರುತ್ತದೆ. ಗುಮಾಸ್ತರು ತೂಕವನ್ನು ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆಯುವಾಗ 24,560 ಎಂಬುದು 24,650 ಆಗುವುದು ಅಪರೂಪವೇನಲ್ಲ, ಮತ್ತು ಆ ತಪ್ಪಿನ ಭಾರ ಬೀಳುವುದು ಸಾಮಾನ್ಯವಾಗಿ ಸಾಲಿನಲ್ಲಿ ನಿಂತವರ ಮೇಲೆಯೇ. ಅದೊಂದನ್ನು ತಪ್ಪಿಸಬೇಕೆಂದು ಶುರುವಾದ ಕೆಲಸ ಇದು.

ತೊಡಕಿರುವುದು ಯಂತ್ರಗಳಲ್ಲಿ. ಕಾಟಾದ ಕೆಳಗಿದ್ದು ಭಾರವನ್ನು ಅಳೆಯುವ ಲೋಡ್‌ಸೆಲ್‌ಗಳ ಸಂಕೇತವನ್ನು ತೂಕವಾಗಿ ತೋರಿಸುವ ಪೆಟ್ಟಿಗೆಗೆ ಇಂಡಿಕೇಟರ್ ಎನ್ನುತ್ತಾರೆ. ನಮ್ಮ ಕಡೆಯ ಕಾಟಾಗಳ ಇಂಡಿಕೇಟರ್‌ಗಳ ಬೆನ್ನಿಗೆ ಆರ್‌ಎಸ್-232 ಸೀರಿಯಲ್ ಪೋರ್ಟ್ ಇರುತ್ತದೆ. ಅದಕ್ಕೊಂದು ಕೇಬಲ್, ಆ ಕೇಬಲಿಗೊಂದು ಯುಎಸ್‌ಬಿ ಕನ್ವರ್ಟರ್ ಸಿಕ್ಕಿಸಿದರೆ ತೂಕವು ಅಕ್ಷರಗಳ ಸಾಲಾಗಿ ಕಂಪ್ಯೂಟರಿಗೆ ಬರುತ್ತದೆ. ಯಾವ ವೇಗದಲ್ಲಿ, ಯಾವ ರೂಪದಲ್ಲಿ ಬರುತ್ತದೆ ಎಂಬುದು ಮಾತ್ರ ತಯಾರಿಸಿದವರ ಮರ್ಜಿ. ಒಂದು ಯಂತ್ರ 2400 ಬಾಡ್ ವೇಗದಲ್ಲಿ ಮಾತಾಡಿದರೆ ಇನ್ನೊಂದು 9600ರಲ್ಲಿ ಮಾತಾಡುತ್ತದೆ. ಒಂದು ಯಂತ್ರ ತೂಕದ ಮುಂದೆ, ಅಂಕಿ ನಿಂತಿದ್ದರೆ ಎಸ್‌ಟಿ ಎಂದೂ ಇನ್ನೂ ಓಡುತ್ತಿದ್ದರೆ ಯುಎಸ್ ಎಂದೂ ಎರಡಕ್ಷರ ಹಚ್ಚಿ ಕಳಿಸುತ್ತದೆ, ಇನ್ನೊಂದು ಬರೀ ಅಂಕಿಗಳನ್ನು ಸುರಿಯುತ್ತದೆ, ಮತ್ತೊಂದು ಅಂಕಿಗಳನ್ನೇ ಹಿಂದುಮುಂದಾಗಿ ಕಳಿಸುತ್ತದೆ. ಆದ್ದರಿಂದ ಒಂದೊಂದು ಬಗೆಯ ಇಂಡಿಕೇಟರಿಗೆ ಒಂದೊಂದು ಪುಟ್ಟ ಪ್ಲಗಿನ್ ಬೇಕು. ಮೂಲ ತಂತ್ರಾಂಶಕ್ಕೆ ಇಬ್ಬರು ಸಾಕು, ಆದರೆ ಪ್ಲಗಿನ್‌ಗಳಿಗೆ ಊರೂರಿನ ಜನ ಬೇಕು, ಏಕೆಂದರೆ ಯಾವ ಗಿರಣಿಯಲ್ಲಿ ಯಾವ ಪೆಟ್ಟಿಗೆ ಇದೆ, ಅದು ಏನೆಂದು ಮಾತಾಡುತ್ತದೆ ಎಂಬುದು ಕಾಟಾ ರಿಪೇರಿ ಮಾಡುವವರಿಗೆ ಗೊತ್ತು, ನನಗೆ ಗೊತ್ತಿಲ್ಲ.

ನನ್ನ ಹಳೆಯ ಕೈಪಿಡಿ ಹದಿನಾಲ್ಕು ಪುಟಗಳಷ್ಟಿತ್ತು, ನಾನು ಅದನ್ನು ಬಹಳ ಶ್ರದ್ಧೆಯಿಂದ ಬರೆದಿದ್ದೆ. ತಂತ್ರಾಂಶದ ಒಳರಚನೆ ಹೇಗಿದೆ, ಪ್ಲಗಿನ್‌ಗಳನ್ನು ಅದು ಯಾವ ಹಂತದಲ್ಲಿ ಹುಡುಕುತ್ತದೆ, ಯಾವ ಕ್ಲಾಸ್ ಯಾವುದರಿಂದ ಹುಟ್ಟುತ್ತದೆ, ಪ್ರತಿ ಫಂಕ್ಷನ್ ಏನನ್ನು ತೆಗೆದುಕೊಂಡು ಏನನ್ನು ಹಿಂತಿರುಗಿಸುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಒಂದೂ ತಪ್ಪು ಮಾತಿರಲಿಲ್ಲ. ಈಗ ತೆಗೆದು ಓದಿದರೆ, ಮನೆ ಕಟ್ಟಿದ ಮೇಸ್ತ್ರಿ ಬಂದ ಬೀಗರಿಗೆ ತಳಪಾಯದಿಂದ ವಿವರಿಸುತ್ತಾ ಹೋಗಿ, ನೀರು ಎಲ್ಲಿದೆ ಎಂದು ಹೇಳುವುದನ್ನೇ ಮರೆತಂತಿದೆ.

ಕಾರಟಗಿಯ ಆ ಕಾಟಾ ಕೋಣೆಯಲ್ಲಿ ನನ್ನ ಮುಂದೆ ಕೂತಿದ್ದ ಹುಡುಗ ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು, ಕಾಟಾ ರಿಪೇರಿಯೇ ಅವನ ಕಸುಬು. ಅಲ್ಪಸ್ವಲ್ಪ ಸಿ ಭಾಷೆ ಬಲ್ಲ, ಆರ್ಡುಯಿನೊ ಬೋರ್ಡುಗಳನ್ನು ಆಡಿಸಿ ಬಲ್ಲ. ತನ್ನ ಗಿರಾಕಿಯೊಬ್ಬರ ಇಂಡಿಕೇಟರಿಗೆ ಪ್ಲಗಿನ್ ಇಲ್ಲವೆಂದು ಫೋನ್ ಮಾಡಿದ. ಬರೆದುಕೊಡುತ್ತೇನೆ, ಒಂದು ವಾರ ಕೊಡು ಎಂದೆ. ಅದಕ್ಕವನು, "ನಾನಾ ಬರೀತೀನ್ರಿ ಸರ, ನೀವು ಬರದಿಟ್ಟಿದ್ದು ಐತೆಲ್ಲ, ಅದನ್ನ ಓದಿ ಮಾಡ್ತೀನಿ" ಎಂದ. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಕೇಳಿದ ಮಾತು ಅದು. ಹತ್ತು ದಿನ ಕಳೆದರೂ ಸದ್ದಿಲ್ಲದಿದ್ದಾಗ ನಾನೇ ಬೈಕ್ ಹತ್ತಿ ಹೋದೆ. ಬೇಸಿಗೆ ಬೆಳೆಯ ಗದ್ದಲ ಮುಗಿದು ಗಿರಣಿಗಳು ಸ್ವಲ್ಪ ಉಸಿರಾಡುವ ಕಾಲ. ಅವನ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ನೀನು ಮೊದಲಿನಿಂದ ಮಾಡು, ನಾನು ಹಿಂದೆ ಕೂತು ನೋಡುತ್ತೇನೆ, ಕೇಳಿದರೂ ಉತ್ತರ ಕೊಡುವುದಿಲ್ಲ ಎಂದು ಹೇಳಿ ಒಂದು ನೋಟ್‌ಬುಕ್ ತೆರೆದೆ.

ಮೊದಲ ನಲವತ್ತು ನಿಮಿಷಗಳಲ್ಲಿ ಅವನು ಪ್ಲಗಿನ್ನಿನ ಒಂದಕ್ಷರವನ್ನೂ ಬರೆಯಲಿಲ್ಲ. ಕೈಪಿಡಿಯ ಮೊದಲ ಸಾಲಿನಲ್ಲೇ ಗಿಟ್‌ನಿಂದ ಕೋಡ್ ಇಳಿಸಿಕೊಳ್ಳಿ ಎಂದಿತ್ತು, ಕೋಡನ್ನು ಹಂಚಿಕೊಳ್ಳಲು ಬಳಸುವ ಆ ಗಿಟ್ ಎಂಬ ಸಾಧನ ಅವನ ಕಂಪ್ಯೂಟರಿನಲ್ಲಿ ಇರಲಿಲ್ಲ. ಜಿಪ್ ಫೈಲಾಗಿಯೂ ಇಳಿಸಬಹುದು ಎಂಬುದನ್ನು ನಾನು ಬರೆದಿರಲಿಲ್ಲ, ಅದು ಬರೆಯುವಂಥ ವಿಷಯವೆಂದೇ ನನಗೆ ಅನ್ನಿಸಿರಲಿಲ್ಲ. ಮುಂದಿನ ಸಾಲಿನಂತೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರನ್ನು ಟೈಪ್ ಮಾಡಿದಾಗ ವಿಂಡೋಸ್ ತನ್ನ ಮೈಕ್ರೋಸಾಫ್ಟ್ ಸ್ಟೋರ್ ತೆರೆದು ಕೂತಿತು. ಪೈಥಾನ್ ಹಾಕಿರದ ವಿಂಡೋಸ್ 10 ಮತ್ತು 11ರಲ್ಲಿ ಹೀಗೆಯೇ ಆಗುತ್ತದೆ. ವಿಂಡೋಸ್ ಬದಲು ಲಿನಕ್ಸ್ ಬಳಸುವ ನಾನು ಅದನ್ನು ಕಣ್ಣಾರೆ ನೋಡಿದ್ದು ಅವತ್ತೇ. "ಸರ, ಇದು ಅಂಗಡಿ ತಗದು ಕುಂತೈತಲ್ರಿ" ಎಂದು ಅವನು ಹಿಂದೆ ತಿರುಗಿ ನೋಡಿದ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಮಾತಾಡಲಿಲ್ಲ. ಮೌನವಾಗಿರುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಆಮೇಲೆ ಬಂದದ್ದು ಪೋರ್ಟಿನ ಸಮಸ್ಯೆ. ನನ್ನ ಉದಾಹರಣೆಯಲ್ಲಿ ಲಿನಕ್ಸ್‌ನ ಟಿಟಿವೈ-ಯುಎಸ್‌ಬಿ-ಸೊನ್ನೆ ಎಂಬ ಹೆಸರಿತ್ತು, ಅವನ ವಿಂಡೋಸಿನಲ್ಲಿ ಅದೇ ಕೇಬಲ್ ಕಾಮ್-7 ಆಗಿತ್ತು. ಡಿವೈಸ್ ಮ್ಯಾನೇಜರ್ ತೆರೆದು ನೋಡಬೇಕೆಂಬುದು ಅವನ ಕಸುಬಿನ ಜ್ಞಾನದಿಂದ ಹೊಳೆಯಿತೇ ಹೊರತು ನನ್ನ ಕೈಪಿಡಿಯಿಂದಲ್ಲ. ಇದರ ಲಿನಕ್ಸ್ ರೂಪವೂ ಅಷ್ಟೇ ಕಾಡುವಂಥದ್ದು: ಡೆಬಿಯನ್, ಉಬುಂಟುಗಳಲ್ಲಿ ಸೀರಿಯಲ್ ಪೋರ್ಟ್ ಮುಟ್ಟಬೇಕಾದರೆ ಬಳಕೆದಾರರು ಡಯಲ್‌ಔಟ್ ಎಂಬ ಗುಂಪಿನಲ್ಲಿರಬೇಕು, ಗುಂಪಿಗೆ ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ನಾನು ಎಷ್ಟೋ ವರ್ಷಗಳ ಹಿಂದೆ ಆ ಗುಂಪಿಗೆ ಸೇರಿ ಮರೆತುಬಿಟ್ಟಿದ್ದೆ. ಬರೆಯುವವರ ಕಂಪ್ಯೂಟರಿನಲ್ಲಿ ಎಲ್ಲವೂ ಆಗಲೇ ಸರಿಯಾಗಿರುತ್ತದೆ. ಹೊಸಬರಿಗೆ ಕಾಡುವ ತೊಂದರೆಗಳು ಬರೆಯುವವರ ಕಣ್ಣಿಗೆ ಬೀಳದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇಷ್ಟೆಲ್ಲ ದಾಟಿದ ಮೇಲೆ ಅವನು ಒಂದು ಗಂಟೆಯೊಳಗೆ ಪ್ಲಗಿನ್ ಬರೆದುಬಿಟ್ಟ. ಇಂಡಿಕೇಟರಿನಿಂದ ಬರುವ ಸಾಲನ್ನು ಹಿಡಿದು, ಅಲ್ಪವಿರಾಮಗಳಲ್ಲಿ ಕತ್ತರಿಸಿ, ಅಂಕಿಯನ್ನು ತೆಗೆದು ಹಿಂತಿರುಗಿಸುವ ಇಪ್ಪತ್ತೈದು ಸಾಲಿನ ಕೋಡ್, ನೋಡಲು ಚೊಕ್ಕವಾಗಿತ್ತು. ಅಷ್ಟರಲ್ಲಿ ಹೊಟ್ಟು ತುಂಬಿದ ಲಾರಿಯೊಂದು ಕಾಟಾ ಹತ್ತಿತು. ಪ್ರಿಂಟರ್ ಕಿರ್ ಎಂದು ಚೀಟಿ ಹೊರಹಾಕಿತು. ಹುಡುಗ ಚೀಟಿಯನ್ನೊಮ್ಮೆ ಕಿಟಕಿಯ ಆಚೆಯೊಮ್ಮೆ ನೋಡಿ, "ಸರ, ಲಾರಿ ಇನ್ನಾ ಅಳ್ಳಾಡಾಕತ್ತೈತಿ, ಚೀಟಿ ಬಂದಬುಡ್ತಲ್ರಿ" ಎಂದ. ಚೀಟಿಯಲ್ಲಿ 24,310 ಇತ್ತು. ಡ್ರೈವರ್ ಬ್ರೇಕ್ ಹಿಡಿದು, ಲಾರಿ ಹಿಂದುಮುಂದೆ ತೂಗಿ, ಕೊನೆಗೆ ಇಂಡಿಕೇಟರಿನ ಕೆಂಪು ಅಂಕಿಗಳು ನಿಂತದ್ದು 24,560ಕ್ಕೆ. ನಡುವಿನ ಅಂತರ 250 ಕೆ.ಜಿ. ಅದು ಭತ್ತವಾಗಿದ್ದರೆ ಮೂರು ಚೀಲಕ್ಕಿಂತ ಹೆಚ್ಚು.

ತಪ್ಪು ಅವನದಲ್ಲ. ನನ್ನ ಕೈಪಿಡಿಯಲ್ಲಿ ಆ ಫಂಕ್ಷನ್ ಬಗ್ಗೆ ಇದ್ದದ್ದು ಒಂದೇ ವಾಕ್ಯ: ತೂಕವನ್ನು ಕಿಲೋಗ್ರಾಂನಲ್ಲಿ ಪೂರ್ಣಾಂಕವಾಗಿ ಹಿಂತಿರುಗಿಸಬೇಕು. ಅವನು ಅಕ್ಷರಶಃ ಅದನ್ನೇ ಮಾಡಿದ್ದ. ಯಾವಾಗ ಹಿಂತಿರುಗಿಸಬೇಕು ಎಂದು ನಾನು ಹೇಳಿರಲಿಲ್ಲ. ನಾನು ಬರೆದ ಮೂರೂ ಪ್ಲಗಿನ್‌ಗಳು ಸ್ಥಿರವಾದ ತೂಕಕ್ಕಾಗಿ ಕಾಯುತ್ತಿದ್ದವು, ಏಕೆಂದರೆ ಕಾಯಬೇಕೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ತಲೆಯಲ್ಲೇ ಉಳಿದು ಕಾಗದಕ್ಕೆ ಇಳಿದಿರಲಿಲ್ಲ. ಫಂಕ್ಷನ್ನಿನ ಆಕಾರವನ್ನು ಹೇಳುವುದು ಸುಲಭ, ಅದನ್ನು ಕೋಡ್ ನೋಡಿ ಯಾರಾದರೂ ಊಹಿಸಬಹುದು. ಕೋಡಿನಲ್ಲಿ ಕಾಣದ್ದು ಅದರ ಹಿಂದಿನ ಷರತ್ತು, ಮತ್ತು ಹೊರಗಿನಿಂದ ಬರುವವರಿಗೆ ನಿಜವಾಗಿ ಬೇಕಾದದ್ದು ಅದೇ. ಈಗ ಅದೇ ಜಾಗದಲ್ಲಿ ಒಂದಿಡೀ ಪುಟವಿದೆ. ತೂಕ ನಿಲ್ಲುವ ತನಕ ಏನನ್ನೂ ಹಿಂತಿರುಗಿಸಬೇಡಿ. ಯಂತ್ರವೇ ಸ್ಥಿರವೆಂಬ ಗುರುತು ಕಳಿಸಿದರೆ ಅದನ್ನು ನಂಬಿ. ಕಳಿಸದಿದ್ದರೆ ಐದು ಓದುಗಳು ಒಂದೇ ಸಮ ಬರುವವರೆಗೆ ಕಾಯಿರಿ. ಕೇಬಲ್ ಕಳಚಿದ್ದರೆ ಸೊನ್ನೆ ಕೊಡಬೇಡಿ, ದೋಷವೆಂದು ಹೇಳಿ, ಏಕೆಂದರೆ ಖಾಲಿ ಕಾಟಾದ ಸೊನ್ನೆಯೂ ಸತ್ತ ಕೇಬಲ್ಲಿನ ಸೊನ್ನೆಯೂ ಚೀಟಿಯಲ್ಲಿ ಒಂದೇ ತರಹ ಕಾಣುತ್ತವೆ. ಕೊನೆಯಲ್ಲಿ, ಪ್ಲಗಿನ್ ತೂಕವನ್ನು ಓದಬೇಕೇ ಹೊರತು ತಿದ್ದಬಾರದು, ದುಂಡು ಮಾಡುವುದಕ್ಕೂ ಹೋಗಬಾರದು ಎಂಬ ಮಾತನ್ನು ಕಾರಣದ ಸಮೇತ ಬರೆದಿದ್ದೇನೆ: ವ್ಯಾಪಾರಕ್ಕೆ ಬಳಸುವ ಕಾಟಾಗಳು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಪರಿಶೀಲನೆಗೊಂಡು ಮುದ್ರೆ ಹಾಕಿಸಿಕೊಂಡ ಯಂತ್ರಗಳು, ಅವು ತೋರಿಸಿದ ಅಂಕಿಯ ಮೇಲೆ ನಮ್ಮ ಕೈ ಆಡಬಾರದು.

ಅವತ್ತು ಮನೆಗೆ ಬಂದು ಕೈಪಿಡಿಯನ್ನು ತಿದ್ದಲು ಕೂತಾಗ, ಬೇರೆಯವರು ಹೇಗೆ ಮಾಡಿದ್ದಾರೆಂದು ನೋಡಿದೆ. ಜಾಲತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ಗೆ 2004ರಲ್ಲಿ, 1.2ನೇ ಆವೃತ್ತಿಯೊಂದಿಗೆ, ಪ್ಲಗಿನ್‌ಗಳ ಏರ್ಪಾಡು ಬಂದಿತು. ಅಲ್ಲಿ ಒಂದು ಪಿಎಚ್‌ಪಿ ಫೈಲಿನ ತಲೆಯಲ್ಲಿ ಪ್ಲಗಿನ್ ಹೆಸರನ್ನು ಕಾಮೆಂಟಾಗಿ ಬರೆದು ಸರಿಯಾದ ಫೋಲ್ಡರಿನಲ್ಲಿ ಇಟ್ಟರೆ ಸಾಕು, ಅದು ಪ್ಲಗಿನ್‌ಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಏನೂ ಮಾಡದ ಪ್ಲಗಿನ್ನೇ ಆದರೂ ತನ್ನ ಹೆಸರು ಪರದೆಯ ಮೇಲೆ ಬಂದಾಗ ಬರೆದವರಿಗೆ ಆಗುವ ಧೈರ್ಯ ದೊಡ್ಡದು. ನಕ್ಷೆಗಳ ಕೆಲಸಕ್ಕೆ ಬಳಸುವ ಕ್ಯೂಜಿಐಎಸ್‌ನಲ್ಲಿ ಪ್ಲಗಿನ್ ಬಿಲ್ಡರ್ ಎಂಬುದೇ ಒಂದು ಪ್ಲಗಿನ್ ಇದೆ. ಹೆಸರು, ವಿವರಣೆ, ಬರೆದವರು ಯಾರು ಎಂಬಂಥ ಕೆಲವು ಪ್ರಶ್ನೆ ಕೇಳಿ, ಓಡುವ ಸ್ಥಿತಿಯಲ್ಲಿರುವ ಒಂದು ಹಂದರವನ್ನು ಕೈಗಿಡುತ್ತದೆ. ಪ್ಲಗಿನ್ ರೀಲೋಡರ್ ಎಂಬ ಇನ್ನೊಂದು, ಕೋಡ್ ತಿದ್ದಿದಾಗಲೆಲ್ಲ ಇಡೀ ತಂತ್ರಾಂಶ ಮುಚ್ಚಿ ತೆರೆಯುವ ಕಷ್ಟವನ್ನು ತಪ್ಪಿಸುತ್ತದೆ. ಇವೆರಡೂ ಕೈಪಿಡಿಗಳಲ್ಲ, ಆದರೆ ಕೈಪಿಡಿಯ ಹತ್ತಾರು ಪುಟಗಳನ್ನು ಬೇಡವಾಗಿಸಿದ ಸಾಧನಗಳು. ವಿವರಿಸಲು ಮೂರು ಪುಟ ಬೇಕಾಗುವ ಹೆಜ್ಜೆಯೊಂದು ಇದ್ದರೆ ಮೊದಲು ಆ ಹೆಜ್ಜೆಯನ್ನೇ ತೆಗೆಯಲಾಗುತ್ತದೆಯೇ ಎಂದು ನೋಡಬೇಕೆಂಬುದು ನನಗೆ ಅಲ್ಲಿಂದ ಹೊಳೆಯಿತು.

ಡಾಕ್ಯುಮೆಂಟೇಶನ್ (ತಂತ್ರಾಂಶದ ಕೈಪಿಡಿ ಬರಹ) ಬಗ್ಗೆ ಯೋಚಿಸುವವರಲ್ಲಿ ಡಯಾಟಾಕ್ಸಿಸ್ ಎಂಬ ವಿಂಗಡಣೆ ಹೆಸರಾಗಿದೆ, ರೂಪಿಸಿದವರು ಡ್ಯಾನಿಯೆಲೆ ಪ್ರೊಚಿಡಾ. ಕೈಹಿಡಿದು ಕಲಿಸುವ ಪಾಠ, ಒಂದು ನಿರ್ದಿಷ್ಟ ಕೆಲಸಕ್ಕೆ ದಾರಿ ತೋರಿಸುವ ಮಾರ್ಗದರ್ಶಿ, ಹುಡುಕಿ ನೋಡುವ ಆಕರ, ಹೀಗೇಕೆ ಎಂದು ತಿಳಿಸುವ ವಿವರಣೆ ಎಂದು ನಾಲ್ಕು ಬಗೆ; ಒಂದರೊಳಗೆ ಇನ್ನೊಂದನ್ನು ಕಲಸಬಾರದು ಎನ್ನುವುದು ಅದರ ತಿರುಳು. ನಾನು ಹದಿನಾಲ್ಕು ಪುಟಗಳಲ್ಲಿ ಬರೆದದ್ದು ಬರೀ ಆಕರ ಮತ್ತು ವಿವರಣೆ. ಆದರೂ ನಾಲ್ಕು ಖಾನೆಗಳನ್ನು ಹಾಕಿಕೊಂಡು ತುಂಬುತ್ತಾ ಹೋಗುವ ಹುರುಪನ್ನು ನಾನು ನಂಬುವುದಿಲ್ಲ. ನಮ್ಮಂಥ ಚಿಕ್ಕ ತಂತ್ರಾಂಶಕ್ಕೆ ಮೊದಲ ಒಂದು ಗಂಟೆಯ ಪಾಠವೊಂದು ಚೆನ್ನಾಗಿದ್ದರೆ ಉಳಿದದ್ದನ್ನು ಜನ ಕೇಳಿ ತಿಳಿದುಕೊಳ್ಳುತ್ತಾರೆ. ಅದು ಕೆಟ್ಟಿದ್ದರೆ ಕೇಳುವವರೆಗೂ ಅವರು ಬರುವುದಿಲ್ಲ.

ಆ ಒಂದು ಗಂಟೆಗೆ ಎದುರಾದ ದೊಡ್ಡ ಅಡ್ಡಿ ಲಾರಿ. ಪ್ಲಗಿನ್ ಬರೆಯುವವರ ಮನೆಯಲ್ಲಿ ಕಾಟಾ ಇರುವುದಿಲ್ಲ. ಗಿರಣಿಯ ಕಾಟಾ ಖಾಲಿ ಇದ್ದಾಗ ಇವರಿಗೆ ಬಿಡುವಿರುವುದಿಲ್ಲ, ಇವರಿಗೆ ಬಿಡುವಿದ್ದಾಗ ಅಲ್ಲಿ ಸಾಲು ನಿಂತಿರುತ್ತದೆ. ಹಾಗಾಗಿ ಒಂದು ಸುಳ್ಳು ಕಾಟಾ ಮಾಡಿದೆವು. ನಿಜವಾದ ಇಂಡಿಕೇಟರುಗಳಿಂದ ಬಂದ ಅಕ್ಷರಗಳನ್ನು, ಅವು ಬಂದ ವೇಗದಲ್ಲೇ, ಫೈಲುಗಳಲ್ಲಿ ಹಿಡಿದಿಟ್ಟಿದ್ದೇವೆ. ತಂತ್ರಾಂಶಕ್ಕೆ ಪೋರ್ಟಿನ ಬದಲು ಆ ಫೈಲನ್ನು ತೋರಿಸಿದರೆ ಲಾರಿ ಹತ್ತಿದಂತೆ, ತೂಗಾಡಿದಂತೆ, ನಿಂತಂತೆ, ಇಳಿದುಹೋದಂತೆ ಅಂಕಿಗಳು ಬರುತ್ತವೆ. ನಡುವೆ ಕೇಬಲ್ ಕಿತ್ತುಬಂದ ಫೈಲೂ ಒಂದಿದೆ, ಸುಗ್ಗಿಯ ಒಂದು ರಾತ್ರಿ ಕಾಟಾ ಕೋಣೆಯ ಇಲಿಯ ಕೃಪೆಯಿಂದ ದೊರೆತದ್ದು. ಹೊಸ ಪಾಠ ಶುರುವಾಗುವುದು ಈ ಸುಳ್ಳು ಕಾಟಾದಿಂದಲೇ. ಜಿಪ್ ಇಳಿಸಿ, ಬಿಚ್ಚಿ, ಒಂದು ಆಜ್ಞೆ ಕೊಟ್ಟರೆ ಮಾದರಿ ಪ್ಲಗಿನ್ ಓಡಿ ಪರದೆಯ ಮೇಲೆ 24,560 ಎಂದು ನಿಲ್ಲುತ್ತದೆ. ಅಲ್ಲಿಯವರೆಗೆ ಓದುಗರು ಏನನ್ನೂ ಬರೆಯಬೇಕಿಲ್ಲ, ಏನನ್ನೂ ಅರ್ಥ ಮಾಡಿಕೊಳ್ಳಬೇಕಿಲ್ಲ. ಆಮೇಲೆ ಒಂದು ಸಾಲನ್ನು ಕೆಡಿಸಿ ನೋಡಿ ಎನ್ನುತ್ತದೆ ಪಾಠ. ಕೆಡಿಸಿದಾಗ ಬರುವ ದೋಷ ಸಂದೇಶವನ್ನು ಹಾಗೆಯೇ ಮುದ್ರಿಸಿ, ಇದು ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ ಎಂದು ಬರೆದಿದ್ದೇವೆ.

ದೋಷ ಸಂದೇಶಗಳೂ ಕೈಪಿಡಿಯ ಭಾಗವೇ ಎಂದು ನನಗೆ ತಡವಾಗಿ ತಿಳಿಯಿತು. ಕೈಪಿಡಿಯನ್ನು ಎಲ್ಲರೂ ಓದುವುದಿಲ್ಲ, ಕೆಂಪಕ್ಷರಗಳನ್ನು ಮಾತ್ರ ಓದದೆ ಗತ್ಯಂತರವಿಲ್ಲ. ಮೊದಲು ಪ್ಲಗಿನ್ ಸಿಗದಿದ್ದರೆ ಪೈಥಾನಿನ ಇಪ್ಪತ್ತು ಸಾಲಿನ ಗೋಳು ಬರುತ್ತಿತ್ತು. ಈಗ ಯಾವ ಫೋಲ್ಡರಿನಲ್ಲಿ ಹುಡುಕಿದೆ, ಏನು ಸಿಗಲಿಲ್ಲ, ಯಾವ ಪುಟ ನೋಡಬೇಕು ಎಂದು ಮೂರು ಸಾಲಿನಲ್ಲಿ ಹೇಳುತ್ತದೆ. ಬಾಡ್ ವೇಗ ತಪ್ಪಿದಾಗ ಬರುವ ಕಸದ ಅಕ್ಷರಗಳನ್ನು ಗುರುತಿಸಿ, ವೇಗ ಬದಲಿಸಿ ನೋಡಿ ಎಂದು ಸೂಚಿಸುವ ಒಂದು ಸಾಲು ಸೇರಿಸಿದ ಮೇಲೆ ನನಗೆ ಬರುವ ಫೋನುಗಳೇ ಕಡಿಮೆಯಾದವು.

ಇನ್ನೊಂದು ವಿಷಯದಲ್ಲಿ ನಾನು ಬಹುಕಾಲ ಅಪ್ರಾಮಾಣಿಕನಾಗಿದ್ದೆ. ಮುಂದೆ ಏನು ಬದಲಾಗಬಹುದು, ಏನು ಬದಲಾಗುವುದಿಲ್ಲ ಎಂದು ಎಲ್ಲಿಯೂ ಹೇಳಿರಲಿಲ್ಲ. ಪ್ಲಗಿನ್ ಬರೆಯುವವರು ತಮ್ಮ ಮನೆಯನ್ನು ಬೇರೆಯವರ ಜಾಗದಲ್ಲಿ ಕಟ್ಟುತ್ತಿರುತ್ತಾರೆ, ಜಾಗದ ಕರಾರು ಏನೆಂದು ಕೇಳುವ ಹಕ್ಕು ಅವರಿಗಿದೆ. 2018ರಲ್ಲಿ ಕ್ಯೂಜಿಐಎಸ್ 3 ಬಂದಾಗ ಅದು ಪೈಥಾನ್ 2ರಿಂದ 3ಕ್ಕೂ, ಪರದೆಗಳನ್ನು ಕಟ್ಟಲು ಬಳಸುವ ಕ್ಯೂಟಿ 4ರಿಂದ 5ಕ್ಕೂ ಹಾರಿತು, ಹಳೆಯ ಪ್ಲಗಿನ್‌ಗಳನ್ನು ತಿದ್ದದೆ ಓಡಿಸುವಂತಿರಲಿಲ್ಲ. ಆದರೆ ಹಿಂದಿನದಕ್ಕೆ ಹೊಂದದ ಬದಲಾವಣೆಗಳ ಪಟ್ಟಿಯನ್ನು ಅವರು ಪ್ರಕಟಿಸಿದ್ದರು, ಹಳೆಯ ಕೋಡನ್ನು ಬದಲಿಸಿಕೊಳ್ಳಲು ನೆರವಾಗುವ ಸಾಧನವೂ ಇತ್ತು. ಇದಕ್ಕೆ ಪೂರ್ತಿ ಎದುರಾದ ನಿಲುವು ಲಿನಕ್ಸಿನ ತಿರುಳಾದ ಕರ್ನಲ್ಲಿನದು. ಕರ್ನಲ್ಲಿನ ಒಳಗಿನ ಸಂಪರ್ಕಗಳು ಸ್ಥಿರವಾಗಿರುತ್ತವೆಂದು ಯಾರೂ ನಂಬಬೇಡಿ, ಯಂತ್ರಗಳನ್ನು ಆಡಿಸುವ ನಿಮ್ಮ ಡ್ರೈವರ್ ಕೋಡನ್ನು ಮೂಲ ಕರ್ನಲ್ಲಿಗೇ ಸೇರಿಸಿಬಿಡಿ ಎಂದು ಕರ್ನಲ್ ನೋಡಿಕೊಳ್ಳುವವರಲ್ಲೊಬ್ಬರಾದ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದ ಒಂದು ದಾಖಲೆ ಕರ್ನಲ್ ಜೊತೆಯಲ್ಲೇ ಇದೆ. ಒಪ್ಪುವುದು ಬಿಡುವುದು ಬೇರೆ ಮಾತು, ಆದರೆ ಆಗುವುದಿಲ್ಲ ಎಂಬುದನ್ನು ಕಾರಣ ಕೊಟ್ಟು ಮೊದಲೇ ಹೇಳುವುದೂ ಒಂದು ಗೌರವ. ನಮ್ಮ ಕೈಪಿಡಿಯಲ್ಲಿ ಈಗ ಅರ್ಧ ಪುಟದ ಕರಾರಿದೆ. ಪ್ಲಗಿನ್ ಒದಗಿಸಬೇಕಾದ ನಾಲ್ಕು ಫಂಕ್ಷನ್‌ಗಳ ರೂಪ ಬದಲಾಗುವುದಿದ್ದರೆ ಒಂದು ಸುಗ್ಗಿ ಮೊದಲು ತಿಳಿಸುತ್ತೇವೆ, ಸುಗ್ಗಿಯ ನಡುವೆ ಎಂದಿಗೂ ಬದಲಿಸುವುದಿಲ್ಲ, ಉಳಿದ ಒಳರಚನೆಯನ್ನು ನಂಬಬೇಡಿ. ಆವೃತ್ತಿ ಸಂಖ್ಯೆಗಳಲ್ಲಿ ಅಳೆಯುವುದಕ್ಕಿಂತ ಸುಗ್ಗಿಗಳಲ್ಲಿ ಅಳೆಯುವುದು ನಮ್ಮ ಬಳಕೆದಾರರಿಗೆ ಬೇಗ ಅರ್ಥವಾಗುತ್ತದೆ.

ಭಾಷೆಯ ವಿಷಯದಲ್ಲಿ ಗೆಳೆಯನಿಗೂ ನನಗೂ ಜಗಳವೇ ಆಯಿತು. ಕೋಡ್ ಬರೆಯುವವರಿಗೆ ಇಂಗ್ಲಿಷ್ ಬಂದೇ ಬರುತ್ತದೆ, ಕನ್ನಡದ ಕೈಪಿಡಿ ಯಾಕೆ ಎನ್ನುವುದು ಅವನ ವಾದ. ಕಾರಟಗಿಯ ಹುಡುಗ ಇಂಗ್ಲಿಷ್ ಓದುತ್ತಿದ್ದ, ನಿಜ. ಆದರೆ ಒಂದೊಂದು ವಾಕ್ಯವನ್ನು ಎರಡೆರಡು ಸಲ ಓದಿ, ತನಗೆ ಅರ್ಥವಾದದ್ದು ಸರಿಯೋ ಇಲ್ಲವೋ ಎಂದು ಅನುಮಾನಿಸುತ್ತಾ ಓದುತ್ತಿದ್ದ. ಕೋಡ್ ಓಡದಿದ್ದಾಗ ತಪ್ಪು ಕೋಡಿನದೋ ತನ್ನ ಓದಿನದೋ ಎಂದು ತಿಳಿಯದ ಸ್ಥಿತಿ ಅದು. ಮೊದಲ ಪಾಠ, ಕರಾರು ಮತ್ತು ದೋಷ ಸಂದೇಶಗಳು ಕನ್ನಡದಲ್ಲಿರಲಿ, ಫಂಕ್ಷನ್‌ಗಳ ಆಕರ ಇಂಗ್ಲಿಷಿನಲ್ಲಿರಲಿ ಎಂದು ರಾಜಿಯಾದೆವು. ಪೋರ್ಟ್, ಫೈಲ್, ಫಂಕ್ಷನ್‌ಗಳಿಗೆ ಸಂಸ್ಕೃತದ ಪದ ಹೊಸೆಯುವ ಗೋಜಿಗೆ ನಾವು ಹೋಗಲಿಲ್ಲ. ಕಾಟಾ ರಿಪೇರಿಯವರು ಪೋರ್ಟಿಗೆ ಪೋರ್ಟ್ ಎಂದೇ ಅನ್ನುತ್ತಾರೆ. ಕಷ್ಟವಾದದ್ದು ಪದಗಳಲ್ಲ, ನಾವು ಹಗಲಿರುಳು ಬಳಸುವ ಹೆಸರುಗಳು ಓದುವವರಿಗೂ ಗೊತ್ತಿವೆ ಎಂದುಕೊಳ್ಳುವ ಚಾಳಿಯನ್ನು ಬಿಡುವುದು. ಇದು ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. ಅಶೋಕನ ಶಾಸನಗಳು ಸಾಮಾನ್ಯವಾಗಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಲ್ಲೇ ಮಾತಾಡುತ್ತವೆ. ಆ ಕಾಲದವರಿಗೆ ಅಷ್ಟು ಸಾಕಾಗಿತ್ತು. 1915ರಲ್ಲಿ ನಮ್ಮ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ದೇವಾನಾಂಪ್ರಿಯನ ಜೊತೆಗೇ ಅಶೋಕ ಎಂಬ ಹೆಸರೂ ಇತ್ತು, ಅದರಿಂದ ಉಳಿದ ಶಾಸನಗಳ ಒಡೆಯ ಯಾರೆಂಬುದೂ ಖಚಿತವಾಯಿತು. ನಮ್ಮ ಕೈಪಿಡಿಯಲ್ಲಿ ಹೋಸ್ಟ್, ರೀಡರ್, ಹ್ಯಾಂಡ್ಲರ್ ಎಂಬ ಮೂರು ಬಿರುದುಗಳಿದ್ದವು. ಅವು ಯಾವ ಫೈಲಿನಲ್ಲಿರುವ ಏನು ಎಂದು ಒಂದು ಕಡೆಯಾದರೂ ಹೇಳಬೇಕಿತ್ತು. ಈಗ ಹೇಳಿದ್ದೇವೆ.

ಹುಡುಗ ಬರೆದ ಪ್ಲಗಿನ್ ಸರಿಹೋದ ಮೇಲೆ ಅದನ್ನು ಎಲ್ಲರಿಗೂ ಸಿಗುವಂತೆ ಸೇರಿಸೋಣವೇ ಎಂದು ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಲ್ರಿ ಸರ, ಇದನ್ನ ಎಲ್ಲಾರಿಗೂ ಕೊಟ್ರ ನನ್ನ ಕರ‍್ಯಾಕ ಯಾಕ ಬರ್ತಾರ?" ಎಂದ. ಡಾಕ್ಯುಮೆಂಟೇಶನ್ ಬಗ್ಗೆ ನಾನು ಓದಿದ್ದರಲ್ಲಿ ಈ ಪ್ರಶ್ನೆ ಎಲ್ಲೂ ಇರಲಿಲ್ಲ. ಯಾವ ಯಂತ್ರ ಏನು ಮಾತಾಡುತ್ತದೆ ಎಂಬ ತಿಳಿವಳಿಕೆಯೇ ಅವನ ಬಂಡವಾಳ. ಅದನ್ನು ಪುಕ್ಕಟೆ ಕೊಡು ಎನ್ನುವಾಗ ನಾವು ಕೊಡುವ ಉಪದೇಶ ಅವನಿಗೆ ಅನ್ನ ಹಾಕುವುದಿಲ್ಲ. ನಮ್ಮ ತಂತ್ರಾಂಶದ್ದು ಜಿಪಿಎಲ್ ಎಂಬ ಮುಕ್ತ ಪರವಾನಗಿ. ತನ್ನ ಪ್ಲಗಿನ್ ಹಾಕಿಕೊಟ್ಟದ್ದಕ್ಕೆ ಅವನು ಹಣ ತೆಗೆದುಕೊಳ್ಳುವುದನ್ನು ಅದು ತಡೆಯುವುದಿಲ್ಲ. ಆದರೆ ಅದೇ ಪ್ಲಗಿನನ್ನು ಬೇರೆಯವರು ಹಾಕಿಕೊಟ್ಟು ಹಣ ತೆಗೆದುಕೊಳ್ಳುವುದನ್ನೂ ತಡೆಯುವುದಿಲ್ಲ. ಎರಡನ್ನೂ ಬಿಡಿಸಿ ಹೇಳಿದೆ. ಪ್ಲಗಿನ್ ಪಟ್ಟಿಯಲ್ಲಿ ಬರೆದವರ ಹೆಸರು, ಊರು, ಅವರು ಒಪ್ಪಿದರೆ ಅಂಗಡಿಯ ಫೋನ್ ನಂಬರು ಇರಲಿ ಎಂದು ಅವನೇ ಸೂಚಿಸಿದ. ಕೈಪಿಡಿಯ ಕೊನೆಯಲ್ಲಿ ಈಗ ಇದೆಲ್ಲ ಇದೆ: ಕಳಿಸಿದ ಪ್ಲಗಿನನ್ನು ಯಾರು ನೋಡುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ಸುಗ್ಗಿಯಲ್ಲಿ ಇನ್ನೂ ತಡವಾಗುತ್ತದೆ, ಗಿಟ್ ಬಾರದಿದ್ದರೆ ಫೈಲನ್ನು ಇಮೇಲ್ ಮಾಡಬಹುದು, ಹೆಸರು ಎಲ್ಲಿ ಬರುತ್ತದೆ, ಮುಂದೆ ಯಾರಾದರೂ ಅದನ್ನು ಮಾರಿದರೆ ಏನಾಗುತ್ತದೆ.

2017ರಲ್ಲಿ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ನಡೆಸಿದ ಮುಕ್ತ ತಂತ್ರಾಂಶ ಸಮೀಕ್ಷೆಯಲ್ಲಿ, ಅಪೂರ್ಣವಾದ ಅಥವಾ ಹಳಸಿದ ಡಾಕ್ಯುಮೆಂಟೇಶನ್ ತಾವು ಕಂಡ ಸಮಸ್ಯೆ ಎಂದು ಉತ್ತರಿಸಿದವರಲ್ಲಿ 93 ಶೇಕಡಾ ಮಂದಿ ಹೇಳಿದ್ದರು. ಅದೇ ಸಮೀಕ್ಷೆಯ ಪ್ರಕಾರ ಕೊಡುಗೆ ನೀಡುವವರಲ್ಲಿ 60 ಶೇಕಡಾ ಮಂದಿ ಡಾಕ್ಯುಮೆಂಟೇಶನ್ನಿಗೆ ಕೈ ಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ. ನಾನೂ ಆ ಗುಂಪಿನವನೇ ಆಗಿದ್ದರಿಂದ ಬೈಯುವ ಅಧಿಕಾರವಿಲ್ಲ. ಹಳಸುವುದನ್ನು ತಡೆಯಲು ಮಾತ್ರ ಒಂದು ಏರ್ಪಾಡು ಮಾಡಿಕೊಂಡೆವು. ಪೈಥಾನಿನಲ್ಲಿ 2001ರಿಂದಲೂ ಡಾಕ್‌ಟೆಸ್ಟ್ ಎಂಬ ಸೌಲಭ್ಯವಿದೆ, ಬರಹದೊಳಗೆ ಕೊಟ್ಟ ಉದಾಹರಣೆಗಳನ್ನು ನಿಜವಾಗಿ ಓಡಿಸಿ, ಬರೆದ ಉತ್ತರವೇ ಬರುತ್ತದೆಯೇ ಎಂದು ಅದು ನೋಡುತ್ತದೆ. ಪಾಠದ ಪ್ರತಿ ತುಣುಕನ್ನೂ ಸುಳ್ಳು ಕಾಟಾದ ಮೇಲೆ ಹೀಗೆ ಓಡಿಸುತ್ತೇವೆ, ಒಂದು ಕೆಟ್ಟರೂ ಹೊಸ ಆವೃತ್ತಿ ಹೊರಬರುವುದಿಲ್ಲ. ಇಷ್ಟಾಗಿಯೂ ವಿಂಡೋಸಿನ ಪರದೆ ಬದಲಾದದ್ದನ್ನು ಯಾವ ಡಾಕ್‌ಟೆಸ್ಟೂ ಹೇಳುವುದಿಲ್ಲ. ಅದಕ್ಕಾಗಿ ವರ್ಷಕ್ಕೊಮ್ಮೆ ಯಾರದಾದರೂ ಹೊಸ ಲ್ಯಾಪ್‌ಟಾಪಿನ ಹಿಂದೆ ನೋಟ್‌ಬುಕ್ ಹಿಡಿದು ಕೂರುತ್ತೇನೆ. ಈಗಲೂ ಮಾತಾಡದೆ ಕೂರುವುದು ಕಷ್ಟವೇ.

ಫೋಲ್ಡರಿನಲ್ಲಿ ಇವತ್ತು ಒಂಬತ್ತು ಪ್ಲಗಿನ್‌ಗಳಿವೆ, ಅವುಗಳಲ್ಲಿ ಐದನ್ನು ನಾನು ಬರೆದಿಲ್ಲ. ಒಂದು ಸಿರುಗುಪ್ಪದ ಕಂಪ್ಯೂಟರ್ ಅಂಗಡಿಯವರದು, ಎರಡು ಕಾರಟಗಿಯ ಅದೇ ಹುಡುಗನದು. ಕಳೆದ ಸುಗ್ಗಿಯಲ್ಲಿ ಮಾನ್ವಿ ಕಡೆಯಿಂದ, ನನಗೆ ಮುಖಪರಿಚಯವೂ ಇಲ್ಲದವರೊಬ್ಬರು, ಪ್ಲಗಿನ್ ಕಳಿಸದೆ ಕೈಪಿಡಿಗೇ ಒಂದು ತಿದ್ದುಪಡಿ ಕಳಿಸಿದರು. ಒಂದೇ ಸಾಲು: "ಕೇಬಲ್ ಸಿಗಸೂ ಮೊದಲು ಇಂಡಿಕೇಟರ್ ಆಫ್ ಮಾಡ್ರಿ, ನಮ್ಮಲ್ಲಿ ಒಂದು ಪೋರ್ಟ್ ಸುಟ್ಟೈತಿ." ಗೆಳೆಯ ಅದನ್ನು ಗ್ರಂಥಸ್ಥ ಭಾಷೆಗೆ ತಿದ್ದಬೇಕೆಂದ. ನಾನು ಬೇಡವೆಂದು, ಇದ್ದ ಹಾಗೆಯೇ, ಮೊದಲ ಪುಟದ ಕೇಬಲ್ ಚಿತ್ರದ ಮೇಲೆ ಹಾಕಿದೆ.